ಲೂಟ್ ಬಾಕ್ಸ್ ಮೇಲೆ ರೂಪಾಯಿಯಲ್ಲಿ ಬೆಲೆ ಬರೆಸಿ

ಮಾನ್ಯ ಸಂಪಾದಕರೇ,

ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಆನ್‌ಲೈನ್ ಜೂಜಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಸಾಕಷ್ಟು ಬರುತ್ತಿದೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್, ಸಾಲದಲ್ಲಿ ಸಿಕ್ಕಿಕೊಂಡ ಹುಡುಗರ ಕಥೆ ಎಲ್ಲವನ್ನೂ ಓದುತ್ತಿದ್ದೇನೆ. ಆದರೆ ಮಕ್ಕಳ ಆಟಗಳ ಒಳಗೇ ನಡೆಯುವ ಇನ್ನೊಂದು ವ್ಯಾಪಾರ ಇದೆ. ಅದರ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ. ಪತ್ರ ಸ್ವಲ್ಪ ಉದ್ದವಾಗಿದೆ. ಲೆಕ್ಕ ಬಿಡಿಸಿ ಹೇಳದಿದ್ದರೆ ವಿಷಯ ತಲೆಗೆ ಹೋಗುವುದಿಲ್ಲ, ಅದಕ್ಕೆ ಉದ್ದವಾಯಿತು.

ಇದನ್ನು ಇಂಗ್ಲಿಷಿನಲ್ಲಿ ಲೂಟ್ ಬಾಕ್ಸ್ ಎನ್ನುತ್ತಾರೆ. ನಮ್ಮ ಮಕ್ಕಳ ಬಾಯಲ್ಲಿ ಅದು ಕ್ರೇಟ್, ಸ್ಪಿನ್, ಇಲ್ಲವೇ ಡ್ರಾ. ದುಡ್ಡು ಕೊಟ್ಟು ಒಂದು ಪೆಟ್ಟಿಗೆ ತೆರೆಯಬೇಕು. ಒಳಗೆ ಏನಿದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಬಂದೂಕಿನ ಬಣ್ಣ ಇರಬಹುದು, ಆಟದ ಪಾತ್ರಕ್ಕೆ ಒಂದು ಅಂಗಿ ಇರಬಹುದು. ಎಲ್ಲರಿಗೂ ಬೇಕಾದ ಆ ಒಂದು ಸಾಮಾನು ಅಪರೂಪಕ್ಕೆ ಬರುತ್ತದೆ. ಉಳಿದಂತೆ ಯಾರಿಗೂ ಬೇಡದ್ದು ಬರುತ್ತದೆ. ಮತ್ತೆ ತೆರೆಯಬೇಕು ಎಂದರೆ ಮತ್ತೆ ದುಡ್ಡು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿಯ ತಾಯಿ ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಸ್ಕೂಲಿಗೆ ಬಂದಿದ್ದರು. ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುವವರು. "ಮೇಡಂ, ಇಂಗ್ಲಿಷು ನಂಗೆ ಬರಲ್ಲ. ಬ್ಯಾಂಕಿನೋರು ಏನಾದ್ರೂ ಹಿಡ್ಕೋತಾ ಇದಾರಾ ನೋಡಿ" ಎಂದರು. ಪುಟದ ಮೇಲ್ಗಡೆ ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆಗಿತ್ತು. ಅದರ ಕೆಳಗೆ ಸಾಲಾಗಿ 89, 89, 449, 89, ಮತ್ತೆ 89. ಒಂದೇ ಸಂಜೆ ಮೂರು ನಾಲ್ಕು ಸಲ. ಎಲ್ಲದರ ಪಕ್ಕ ಯುಪಿಐ ಎಂದು ಬರೆದಿತ್ತು. ಪುಟದ ಕೊನೆಗೆ ಬರುವಷ್ಟರಲ್ಲಿ ಖಾತೆಯಲ್ಲಿ ಉಳಿದಿದ್ದು ಒಂದು ಗ್ಯಾಸ್ ಸಿಲಿಂಡರಿಗೂ ಸಾಲದಷ್ಟು.

ಅಂಗಡಿಗೆ ಹೋದಾಗ ಅಮ್ಮನ ಪರವಾಗಿ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ದುಡ್ಡು ಕಳಿಸುವವನು ಅವರ ಮಗನೇ. ನಮ್ಮ ಕಡೆ ತುಂಬಾ ಮನೆಗಳಲ್ಲಿ ಹೀಗೇ. ಪಿನ್ ಮಕ್ಕಳಿಗೇ ಗೊತ್ತಿರುತ್ತದೆ. ದುಡ್ಡು ಹೋದಾಗ ಮೊಬೈಲಿಗೆ ಮೆಸೇಜ್ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಯಾರು ಓದುತ್ತಾರೆ?

ಹುಡುಗ ಕೆಟ್ಟವನಲ್ಲ. ಲೆಕ್ಕದಲ್ಲೂ ಚುರುಕು. ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದು ಹೀಗೆ: "ದುಡ್ಡು ಖರ್ಚು ಮಾಡಿದ್ದು ಅಂತ ಅನ್ಸೋದೇ ಇಲ್ಲ ಮಿಸ್. ಟಾಪ್‌ಅಪ್ ಮಾಡಿದ್ಮೇಲೆ ಅದು ಗೇಮ್ ದುಡ್ಡು ಆಗೋಗುತ್ತೆ."

ಈ ಮಾತನ್ನು ದಯವಿಟ್ಟು ಗಮನಿಸಿ. ಆಟದೊಳಗೆ ರೂಪಾಯಿ ಇಲ್ಲ. ಒಂದರಲ್ಲಿ ಡೈಮಂಡ್, ಇನ್ನೊಂದರಲ್ಲಿ ಕಾಯಿನ್, ಮತ್ತೊಂದರಲ್ಲಿ ಇನ್ನೇನೋ. ಮೊದಲು ರೂಪಾಯಿ ಕೊಟ್ಟು ಅದನ್ನು ಕೊಳ್ಳಬೇಕು. ಆಮೇಲೆ ಅದರಿಂದ ಪೆಟ್ಟಿಗೆ ತೆರೆಯಬೇಕು. ಕೆಲವು ಆಟಗಳಲ್ಲಿ ಮಧ್ಯೆ ಇನ್ನೂ ಒಂದು ನಾಣ್ಯ ಇರುತ್ತದೆ. ಟಾಪ್‌ಅಪ್ ಪ್ಯಾಕಿನ ಸಂಖ್ಯೆಗೂ ಪೆಟ್ಟಿಗೆಯ ಬೆಲೆಗೂ ತಾಳೆಯಾಗದ ಹಾಗೆ ಇಟ್ಟಿರುತ್ತಾರೆ. ಯಾವಾಗಲೂ ಸ್ವಲ್ಪ ಉಳಿಯುತ್ತದೆ. ಉಳಿದದ್ದು ಹಾಳಾಗಬಾರದು ಎಂದು ಮಗು ಮತ್ತೊಂದು ಪ್ಯಾಕ್ ಕೊಳ್ಳುತ್ತದೆ. ದೊಡ್ಡ ಪ್ಯಾಕ್ ಕೊಂಡರೆ ಬೋನಸ್ ಬೇರೆ. ಹೀಗಾದ ಮೇಲೆ ಒಂದು ಪೆಟ್ಟಿಗೆಗೆ ಎಷ್ಟು ರೂಪಾಯಿ ಬಿತ್ತು ಎಂದು ಕೇಳಿದರೆ ನನಗೇ ಕಾಗದ, ಪೆನ್ನು ಬೇಕಾಗುತ್ತದೆ.

ಅದಾದ ಮೇಲೆ ಹತ್ತನೇ ತರಗತಿಯ ಸಂಭವನೀಯತೆ ಪಾಠವನ್ನು ಈ ಪೆಟ್ಟಿಗೆಗಳಿಂದಲೇ ಶುರು ಮಾಡಿದೆ. ಒಂದು ಸ್ಟೀಲ್ ಡಬ್ಬಿಗೆ ನೂರು ಹುಣಸೆ ಬೀಜ ಹಾಕಿದೆ. ಒಂದಕ್ಕೆ ಮಾತ್ರ ಕೆಂಪು ನೇಲ್ ಪಾಲಿಶ್ ಬಳಿದೆ. ಒಬ್ಬೊಬ್ಬರಾಗಿ ಬಂದು ಕಣ್ಣು ಮುಚ್ಚಿ ಒಂದು ಬೀಜ ತೆಗೆಯಬೇಕು. ಕೆಂಪು ಬಂದರೆ ಗೆದ್ದ ಹಾಗೆ. ಒಂದು ಸಲ ತೆಗೆಯುವುದಕ್ಕೆ 50 ರೂಪಾಯಿ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಹೋಗಬೇಕು. ಇನ್ನೊಂದು ನಿಯಮ: ತೆಗೆದ ಬೀಜವನ್ನು ಮತ್ತೆ ಡಬ್ಬಿಗೇ ಹಾಕಿ ಅಲ್ಲಾಡಿಸಬೇಕು.

ಈ ಕೊನೆಯ ನಿಯಮಕ್ಕೆ ಮಕ್ಕಳು ಗಲಾಟೆ ಮಾಡಿದರು. "ವಾಪಸ್ ಹಾಕಿದ್ರೆ ಹೆಂಗೆ ಮಿಸ್ ಖಾಲಿಯಾಗುತ್ತೆ?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಎಲ್ಲ ಇರುವುದು ಅಲ್ಲೇ. ಎಷ್ಟೋ ಆಟಗಳ ಪೆಟ್ಟಿಗೆ ಖಾಲಿಯಾಗುವುದೇ ಇಲ್ಲ. ಪ್ರತಿ ಸಲವೂ ನೂರು ಬೀಜ ಹಾಗೇ ಇರುತ್ತವೆ. ಹಿಂದೆ ನೀವು ಎಷ್ಟು ಸಲ ಸೋತಿರಿ ಎನ್ನುವುದು ಪೆಟ್ಟಿಗೆಗೆ ಗೊತ್ತಿಲ್ಲ. "ಇಷ್ಟೊತ್ತು ಬಂದಿಲ್ಲ, ಇನ್ನೇನು ಬರುತ್ತೆ" ಎನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ.

ನೂರರಲ್ಲಿ ಒಂದು ಎಂದರೆ ನೂರು ಸಲ ತೆಗೆದಾಗ ಸಿಕ್ಕೇ ಸಿಗುತ್ತದೆ ಎಂದು ಕ್ಲಾಸಿನಲ್ಲಿ ಹೆಚ್ಚಿನವರು ತಿಳಿದಿದ್ದರು. ದೊಡ್ಡವರೂ ಹಾಗೇ ತಿಳಿದಿರುತ್ತಾರೆ. ನಿಜವಾದ ಲೆಕ್ಕ ನೋಡಿ. ನೂರು ಮಕ್ಕಳು ತಲಾ ನೂರು ಸಲ ತೆಗೆದರೆ, ಅವರಲ್ಲಿ ಸುಮಾರು 37 ಮಕ್ಕಳಿಗೆ ಕೆಂಪು ಬೀಜ ಒಮ್ಮೆಯೂ ಸಿಕ್ಕಿರುವುದಿಲ್ಲ. ಆ 37 ಮಕ್ಕಳು ತಲಾ 5,000 ರೂಪಾಯಿ ಕಳೆದುಕೊಂಡಿರುತ್ತಾರೆ. ಮುನ್ನೂರು ಸಲ ತೆಗೆದರೂ ನೂರರಲ್ಲಿ ಐದು ಮಕ್ಕಳ ಕೈ ಖಾಲಿ. ಅಷ್ಟು ಹೊತ್ತಿಗೆ ತಲಾ 15,000 ರೂಪಾಯಿ ಹೋಗಿರುತ್ತದೆ. ನೂರರಲ್ಲಿ 99 ಮಕ್ಕಳಿಗಾದರೂ ಸಿಗಬೇಕು ಎಂದರೆ ಪ್ರತಿಯೊಬ್ಬರಿಗೂ 459 ಸಲದ ದುಡ್ಡು ಕೈಯಲ್ಲಿರಬೇಕು. ಅಂದರೆ 22,950 ರೂಪಾಯಿ. ಪರದೆಯ ಮೇಲೆ ಕಾಣುವುದು ಮಾತ್ರ 50.

ಆ ಪೀರಿಯಡ್ ಮುಗಿಯುವವರೆಗೂ ಯಾರ ಕೈಗೂ ಕೆಂಪು ಬೀಜ ಬರಲಿಲ್ಲ. ಬೋರ್ಡಿನ ಮೇಲಿನ ಮೊತ್ತ ನೋಡಿ ಮಕ್ಕಳೇ ಸುಮ್ಮನಾದರು.

ಇದು ನಾನು ಕಟ್ಟಿದ ಉದಾಹರಣೆ. ಈಗ ನಿಜವಾದ ಒಂದು ಆಟ ತೆಗೆದುಕೊಳ್ಳೋಣ. ಕೌಂಟರ್ ಸ್ಟ್ರೈಕ್ ಲೋಕದ ತುಂಬಾ ಜನ ಆಡುವ ಕಂಪ್ಯೂಟರ್ ಆಟ. ಅದರಲ್ಲಿ 2013ರಿಂದ ಇಂಥ ಪೆಟ್ಟಿಗೆಗಳಿವೆ. ಅವುಗಳನ್ನು ಕೇಸ್ ಎನ್ನುತ್ತಾರೆ. ಕೇಸ್ ತೆರೆಯಲು ಒಂದು ಕೀಲಿ ಬೇಕು. ಕೀಲಿಗೆ 2.49 ಡಾಲರ್. ಪೆಟ್ಟಿಗೆಯಲ್ಲಿ ಯಾವ ಸಾಮಾನು ಎಷ್ಟು ಸಲ ಬರುತ್ತದೆ ಎಂದು ಬರೆದು ತೋರಿಸಬೇಕು ಎಂದು ಚೀನಾ 2017ರಲ್ಲಿ ನಿಯಮ ಮಾಡಿತು. ಆಮೇಲೆ ಅಲ್ಲಿ ಈ ಆಟವನ್ನು ನಡೆಸುವ ಕಂಪನಿ ಅಂಕಿಗಳನ್ನು ಹೊರಗೆ ಹಾಕಿತು. ಸಾಮಾನುಗಳ ದರ್ಜೆಗೆ ಬಣ್ಣದ ಹೆಸರಿದೆ. ತೀರಾ ಸಾಮಾನ್ಯವಾದ ನೀಲಿ ಬರುವುದು ಶೇ 79.92. ನೇರಳೆ ಶೇ 15.98. ಗುಲಾಬಿ ಶೇ 3.20. ಕೆಂಪು ಶೇ 0.64. ಎಲ್ಲರೂ ಹಂಬಲಿಸುವ ಚಾಕು ಅಥವಾ ಕೈಗವಸು ಸಿಗುವುದು ಶೇ 0.26 ಮಾತ್ರ.

ಶೇ 0.26 ಎಂದರೆ ಸರಾಸರಿ 385 ಪೆಟ್ಟಿಗೆಗೆ ಒಂದು ಚಾಕು. 385 ಕೀಲಿಗೆ ಸುಮಾರು 959 ಡಾಲರ್ ಆಗುತ್ತದೆ. ನಮ್ಮ ದುಡ್ಡಿನಲ್ಲಿ 80 ಸಾವಿರ ರೂಪಾಯಿಗೂ ಹೆಚ್ಚು. ಪೆಟ್ಟಿಗೆಯ ಬೆಲೆ ಬೇರೆ. ಇಷ್ಟು ಕೊಟ್ಟ ಮೇಲೂ ನೂರು ಜನರಲ್ಲಿ 37 ಜನರಿಗೆ ಚಾಕು ಬಂದಿರುವುದಿಲ್ಲ. ಬಂದವರಿಗೂ ಅವರು ಬಯಸಿದ ಚಾಕುವೇ ಬರಬೇಕು ಎಂದೇನಿಲ್ಲ. ಚಾಕುಗಳಲ್ಲೇ ಹತ್ತಾರು ಬಗೆ ಇವೆ. ಆ ಚಾಕು ಹಿಡಿದರೆ ಆಟ ಗೆಲ್ಲುವುದು ಸುಲಭವಾಗುತ್ತದಾ? ಇಲ್ಲ. ಅದು ನೋಡಲು ಚಂದ, ಅಷ್ಟೇ.

ಪೆಟ್ಟಿಗೆ ತೆರೆಯುವಾಗ ಪರದೆಯ ಮೇಲೆ ಏನಾಗುತ್ತದೆ ಎನ್ನುವುದನ್ನೂ ಹೇಳಬೇಕು. ಸಾಮಾನುಗಳ ಒಂದು ಸಾಲು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಜೋರಾಗಿ ಓಡುತ್ತದೆ. ಟಿಕ್ ಟಿಕ್ ಸದ್ದು. ನಿಧಾನವಾಗುತ್ತದೆ. ಹಳದಿ ಬಣ್ಣದ ಅಪರೂಪದ ಸಾಮಾನು ಗೆರೆಯ ಹತ್ತಿರ ಬಂದು, ಒಂದು ಕೂದಲೆಳೆಯಷ್ಟು ದಾಟಿ, ಪಕ್ಕದ ನೀಲಿಯ ಮೇಲೆ ನಿಲ್ಲುತ್ತದೆ. ಮಕ್ಕಳು "ಛೇ, ಸ್ವಲ್ಪದ್ರಲ್ಲಿ ಮಿಸ್ ಆಯ್ತು" ಎನ್ನುತ್ತಾರೆ. ಸ್ವಲ್ಪದರಲ್ಲಿ ತಪ್ಪಿದ್ದು ಏನೂ ಇಲ್ಲ. ಏನು ಬರಬೇಕು ಎನ್ನುವುದು ಆ ಸಾಲು ಓಡುವ ಮೊದಲೇ ಕಂಪನಿಯ ಕಂಪ್ಯೂಟರಿನಲ್ಲಿ ತೀರ್ಮಾನವಾಗಿರುತ್ತದೆ. ಓಟ ಬರೀ ತೋರಿಕೆ. ಜೂಜಿನ ಯಂತ್ರಗಳಲ್ಲಿ ಇದೇ ಉಪಾಯ ಎಷ್ಟೋ ಕಾಲದಿಂದ ಇದೆ. ಇನ್ನೇನು ಗೆದ್ದೇಬಿಟ್ಟೆ ಅನ್ನಿಸಿದರೆ ಮನುಷ್ಯ ಎದ್ದು ಹೋಗುವುದಿಲ್ಲ. ಹದಿಮೂರು ವರ್ಷದ ಹುಡುಗ ಹೇಗೆ ಎದ್ದು ಹೋದಾನು?

ಎಷ್ಟು ಸಲ ತೆಗೆದರೂ ಸಿಗುವ ಖಾತ್ರಿ ಇಲ್ಲ ಎನ್ನುವ ಮಾತಿಗೆ ಬೆಂಗಳೂರಿನಲ್ಲಿ ಓದುವ ನನ್ನ ಅಣ್ಣನ ಮಗಳು ಒಪ್ಪಲಿಲ್ಲ. "ಅತ್ತೆ, ನಾನು ಆಡೋ ಗೇಮ್‌ನಲ್ಲಿ ಗ್ಯಾರಂಟಿ ಇದೆ" ಎಂದಳು. ಅವಳು ಆಡುವುದು ಗೆನ್ಶಿನ್ ಇಂಪ್ಯಾಕ್ಟ್. ಅದರಲ್ಲಿ ಅಪರೂಪದ ಪಾತ್ರ ಒಂದು ಸಲಕ್ಕೆ ಸಿಗುವ ಸಾಧ್ಯತೆ ಶೇ 0.6. ಆದರೆ 90 ಸಲ ತೆಗೆಯುವುದರೊಳಗೆ ಒಂದು ಸಿಕ್ಕೇ ಸಿಗುತ್ತದೆ. ಒಪ್ಪಿದೆ. ಆದರೆ ಸಿಗುವುದು ಅವಳು ಬಯಸಿದ ಪಾತ್ರವೇ ಎಂದು ಮೊದಲ ಸಲಕ್ಕೆ ಖಾತ್ರಿ ಇಲ್ಲ. ಬೇರೆ ಯಾವುದೋ ಬಂದರೆ ಮತ್ತೆ 90ರವರೆಗೆ ಹೋಗಬೇಕಾಗಬಹುದು. ಅಂದರೆ ನಿಜವಾದ ಗ್ಯಾರಂಟಿ ಇರುವುದು 180ರಲ್ಲಿ. ಇಬ್ಬರೂ ಕೂತು ಇದನ್ನು ರೂಪಾಯಿಗೆ ತಿರುಗಿಸಲು ಹೋದೆವು. ಎರಡು ಮೂರು ಬಗೆಯ ನಾಣ್ಯ ದಾಟಿ ಬರಬೇಕಾಯಿತು. ಅವಳು ಇಂಜಿನಿಯರಿಂಗ್ ಓದುವವಳು, ನಾನು ಲೆಕ್ಕದ ಮೇಡಂ. ನಮ್ಮಿಬ್ಬರಿಗೇ ಇಷ್ಟು ಹೊತ್ತು ಬೇಕಾದರೆ ಎಂಟನೇ ಕ್ಲಾಸಿನ ಮಗುವಿನ ಗತಿ ಏನು?

ಈ ಆಟದ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ದೂರು ಹಾಕಿತ್ತು. ಹಲವು ಬಗೆಯ ನಾಣ್ಯ ಇಟ್ಟು ಮಕ್ಕಳಿಗೆ ನಿಜವಾದ ಬೆಲೆ ಗೊತ್ತಾಗದ ಹಾಗೆ ಮಾಡಿದ್ದಾರೆ ಎನ್ನುವುದು ಅದರ ಒಂದು ಮುಖ್ಯ ಆರೋಪ. 2025ರ ಜನವರಿಯಲ್ಲಿ ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆ ಒಪ್ಪಂದದ ಪ್ರಕಾರ 16 ವರ್ಷದೊಳಗಿನವರಿಗೆ ತಂದೆ ತಾಯಿ ಒಪ್ಪದೆ ಪೆಟ್ಟಿಗೆ ಮಾರುವಂತಿಲ್ಲ. ಆಟದ ನಾಣ್ಯದಲ್ಲಿ ಮಾರುವುದಾದರೆ ನೇರವಾಗಿ ನಿಜವಾದ ದುಡ್ಡಿನಲ್ಲಿ ಕೊಳ್ಳುವ ದಾರಿಯನ್ನೂ ಇಡಬೇಕು. ನಾಣ್ಯಕ್ಕೆ ಎಷ್ಟು ದುಡ್ಡು ಎಂದು ಹೇಳಬೇಕು. ಅಲ್ಲಿನ ಮಕ್ಕಳಿಗೆ ಸಿಕ್ಕಿದ ಈ ರಕ್ಷಣೆ ನಮ್ಮ ಮಕ್ಕಳಿಗೆ ಯಾಕೆ ಬೇಡ?

ಅಂಕಿ ಬರೆದು ತೋರಿಸಿದರೆ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಆ್ಯಪಲ್ 2017ರ ಡಿಸೆಂಬರಿನಿಂದಲೂ, ಗೂಗಲ್ ಪ್ಲೇ 2019ರಿಂದಲೂ ಸಾಧ್ಯತೆಗಳನ್ನು ತೋರಿಸಲೇಬೇಕು ಎನ್ನುತ್ತಿವೆ. ತೋರಿಸುತ್ತಾರೆ. ಎಲ್ಲೋ ಒಳಗೆ, ಒಂದು ಸಣ್ಣ ಪ್ರಶ್ನೆ ಚಿಹ್ನೆ ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ಪಟ್ಟಿ. ಶೇ 0.26 ಎಂದು ಓದಿದ ಮಗುವಿನ ಮನಸ್ಸಿನಲ್ಲಿ 80 ಸಾವಿರ ರೂಪಾಯಿ ಮೂಡುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ, ದಶಮಾಂಶ ಬಿಂದುವಿನ ನಂತರ ಒಂದು ಸೊನ್ನೆ ಜಾಸ್ತಿಯಾದರೆ ಏನಾಗುತ್ತದೆ ಎಂದು ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಸರಿಯಾಗಿ ಹೊಳೆಯುವುದಿಲ್ಲ.

ಅವರು ಹೇಳಿದ ಅಂಕಿ ನಿಜವೇ ಎಂದು ನೋಡುವವರು ಯಾರು? ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಮೇಪಲ್ ಸ್ಟೋರಿ ಎನ್ನುವ ಹಳೆಯ ಆಟ. ನೆಕ್ಸಾನ್ ಕಂಪನಿಯದ್ದು. ಅದರಲ್ಲಿ ಕ್ಯೂಬ್ ಎಂಬ ಸಾಮಾನು ಮಾರುತ್ತಿದ್ದರು. ಅದನ್ನು ಬಳಸಿದರೆ ಪಾತ್ರದ ಆಯುಧ, ಉಡುಪಿನ ಶಕ್ತಿಗಳು ಅದೃಷ್ಟದ ಮೇಲೆ ಬದಲಾಗುತ್ತವೆ. ಒಳ್ಳೆಯ ಫಲ ಬರುವ ಸಾಧ್ಯತೆಯನ್ನು ಕಂಪನಿ ಆಟಗಾರರಿಗೆ ಹೇಳದೆ ಇಳಿಸಿತ್ತು. ಕೆಲವು ಶಕ್ತಿಗಳು ಒಟ್ಟಿಗೆ ಬರುವ ಸಾಧ್ಯತೆಯನ್ನು ಸೊನ್ನೆಯೇ ಮಾಡಿತ್ತು. ಅಂದರೆ ನಮ್ಮ ಡಬ್ಬಿಯಲ್ಲಿ ಕೆಂಪು ಬೀಜವೇ ಇಲ್ಲ, ಆದರೂ ದುಡ್ಡು ತೆಗೆದುಕೊಳ್ಳುತ್ತಿದ್ದರು. 2024ರ ಜನವರಿಯಲ್ಲಿ ಅಲ್ಲಿನ ಫೇರ್ ಟ್ರೇಡ್ ಕಮಿಷನ್ ಆ ಕಂಪನಿಗೆ 1,160 ಕೋಟಿ ವಾನ್ ದಂಡ ಹಾಕಿತು. ಅದೇ ವರ್ಷ ಮಾರ್ಚ್ 22ರಿಂದ ಸಾಧ್ಯತೆಯನ್ನು ಬಹಿರಂಗ ಮಾಡುವುದು ಅಲ್ಲಿ ಕಾನೂನೇ ಆಯಿತು.

ಜಪಾನ್ 2012ರಲ್ಲೇ ಇದರ ಒಂದು ಬಗೆಯನ್ನು ನಿಲ್ಲಿಸಿತು. ಬೆಲ್ಜಿಯಂ 2018ರಲ್ಲಿ ಇದು ಜೂಜೇ ಎಂದು ಹೇಳಿತು. ಆದರೂ ಆಮೇಲೆ ಅಲ್ಲಿ ಹೆಚ್ಚು ಹಣ ಗಳಿಸುವ 100 ಐಫೋನ್ ಆಟಗಳನ್ನು ನೋಡಿದಾಗ 82ರಲ್ಲಿ ಪೆಟ್ಟಿಗೆಗಳು ಇದ್ದವು. ಕಾನೂನು ಮಾಡಿ ಸುಮ್ಮನೆ ಕೂತರೆ ಆಗುವುದಿಲ್ಲ, ನೋಡಿಕೊಳ್ಳುವವರೂ ಬೇಕು.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ ಅದು ತಡೆ ಹಾಕಿತು. ನಮ್ಮ ರಾಜ್ಯವೂ 2021ರಲ್ಲಿ ಒಂದು ಪ್ರಯತ್ನ ಮಾಡಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಕೇಂದ್ರದ ಕಾಯ್ದೆ ಬಂದಾಗ ನಾನು ಖುಷಿಪಟ್ಟೆ. ಆದರೆ ಈ ಪೆಟ್ಟಿಗೆಗಳ ವಿಷಯದಲ್ಲಿ ಅದು ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಇಲ್ಲಿ ಮಗು ದುಡ್ಡು ಕಟ್ಟುತ್ತದೆ, ಅದೃಷ್ಟ ನೋಡುತ್ತದೆ, ಹೆಚ್ಚಿನ ಸಲ ಸೋಲುತ್ತದೆ. ಗೆದ್ದಾಗ ಬರುವುದು ದುಡ್ಡಲ್ಲ, ಒಂದು ಚಿತ್ರ. ದುಡ್ಡು ವಾಪಸ್ ಬರುವ ಸಾಧ್ಯತೆಯೇ ಇಲ್ಲದ ಆಟ ಜೂಜಲ್ಲ, ದುಡ್ಡು ಬರುವ ಆಟ ಜೂಜು ಎಂದರೆ ಅದು ಯಾವ ನ್ಯಾಯ? ರಮ್ಮಿಯಲ್ಲಿ ಸೋತವನಿಗೆ ನೂರರಲ್ಲಿ ಒಮ್ಮೆಯಾದರೂ ಕೈಗೆ ಕಾಸು ಬರುತ್ತಿತ್ತು.

ಆ ಚಿತ್ರವೂ ನಮ್ಮದಲ್ಲ. ಪಬ್ಜಿಯ ಭಾರತದ ಆವೃತ್ತಿಯಾದ ಬಿಜಿಎಂಐ ಆಟ 2022ರ ಜುಲೈನಲ್ಲಿ ಸ್ಟೋರುಗಳಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಆ ತಿಂಗಳುಗಳಲ್ಲಿ ತಾವು ಕೊಂಡಿದ್ದು ಇದೆಯೋ ಹೋಯಿತೋ ಎಂದು ಮಕ್ಕಳು ಪರದಾಡಿದರು. ಕೌಂಟರ್ ಸ್ಟ್ರೈಕ್‌ನಲ್ಲಿ ಚಾಕುಗಳನ್ನು ಮಾರಬಹುದು, ಅವಕ್ಕೆ ಬೆಲೆ ಇದೆ ಎನ್ನುತ್ತಾರೆ. 2025ರ ಅಕ್ಟೋಬರಿನಲ್ಲಿ ಕಂಪನಿ ಒಂದು ಅಪ್‌ಡೇಟ್ ಬಿಟ್ಟಿತು. ಐದು ಕೆಂಪು ದರ್ಜೆಯ ಸಾಮಾನು ಕೊಟ್ಟರೆ ಚಾಕು ಸಿಗುವ ಹಾಗೆ ಮಾಡಿತು. ಚಾಕುಗಳ ಬೆಲೆ ಒಂದೆರಡು ದಿನದಲ್ಲೇ ನೆಲಕ್ಕೆ ಬಿತ್ತು.

ನಮ್ಮ ಕರಾರು ಕಾಯ್ದೆ 1872ರದ್ದು. 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ ಎಂದು ನ್ಯಾಯಾಲಯ 1903ರಲ್ಲೇ ಹೇಳಿದೆ. ಹಾಗಿದ್ದ ಮೇಲೆ ಹದಿನಾಲ್ಕರ ಹುಡುಗನ ಕೈಯಿಂದ ತೆಗೆದುಕೊಂಡ ದುಡ್ಡನ್ನು ವಾಪಸ್ ಕೇಳುವುದು ಇಷ್ಟು ಕಷ್ಟ ಆಗಬಾರದು. ಆ ತಾಯಿಯ ಪರವಾಗಿ ನಾನೇ ಅರ್ಜಿ ಹಾಕಿದೆ. ಇಂಗ್ಲಿಷಿನಲ್ಲಿ ಒಂದು ಯಂತ್ರದ ಉತ್ತರ ಬಂತು. ಆಟದವರು ಸ್ಟೋರಿನವರನ್ನು ಕೇಳಿ ಎಂದರು, ಸ್ಟೋರಿನವರು ಅವಧಿ ಮುಗಿದಿದೆ ಎಂದರು. ಒಂದು ರೂಪಾಯಿಯೂ ಬರಲಿಲ್ಲ.

ನಾನು ಆಟ ನಿಲ್ಲಿಸಿ ಎನ್ನುತ್ತಿಲ್ಲ. ಮಕ್ಕಳು ಆಡಲಿ. ಸರ್ಕಾರವನ್ನು ಕೇಳುವುದು ಇಷ್ಟು. ಪೆಟ್ಟಿಗೆ ತೆರೆಯುವ ಗುಂಡಿಯ ಮೇಲೇ, ಕನ್ನಡದಲ್ಲಿ, ರೂಪಾಯಿಯಲ್ಲಿ ಎರಡು ಸಾಲು ಇರಲಿ: ಈ ಸಾಮಾನು ಸಿಗಲು ಸರಾಸರಿ ಇಷ್ಟು ರೂಪಾಯಿ ಬೇಕು, ಅಷ್ಟು ಕೊಟ್ಟರೂ ನೂರರಲ್ಲಿ ಇಷ್ಟು ಜನರಿಗೆ ಸಿಗುವುದಿಲ್ಲ. ಈ ತಿಂಗಳು ಈ ಖಾತೆಯಿಂದ ಒಟ್ಟು ಎಷ್ಟು ಹೋಗಿದೆ ಎನ್ನುವುದೂ ಅಲ್ಲೇ ಕಾಣಲಿ. 18ರೊಳಗಿನವರಿಗೆ ಈ ಮಾರಾಟ ಮೊದಲೇ ಬಂದ್ ಆಗಿರಲಿ, ತಂದೆ ತಾಯಿ ಬೇಕೆಂದರೆ ತೆರೆಯಲಿ. ಸಿಗರೇಟ್ ಪ್ಯಾಕಿನ ಮೇಲೆ ಚಿತ್ರ ಹಾಕಿಸಿದ ಸರ್ಕಾರಕ್ಕೆ ಇದು ಕಷ್ಟದ ಕೆಲಸವಲ್ಲ. ಕಂಪನಿಗಳಿಗೂ ಈ ಲೆಕ್ಕ ಒಂದು ಕ್ಷಣದ ಕೆಲಸ. ಅವರ ಹತ್ತಿರ ಎಲ್ಲ ಅಂಕಿ ಇವೆ.

ಬ್ಯಾಂಕಿನವರಿಗೂ ಒಂದು ಮಾತು. ದುಡ್ಡು ಹೋದ ಮೆಸೇಜನ್ನು ಗ್ರಾಹಕರಿಗೆ ಓದಲು ಬರುವ ಭಾಷೆಯಲ್ಲಿ ಕಳಿಸಿ. ಆ ತಾಯಿಗೆ ಮೊದಲ 89 ರೂಪಾಯಿಗೇ ಕನ್ನಡದಲ್ಲಿ ಮೆಸೇಜ್ ಬಂದಿದ್ದರೆ ವಿಷಯ ಅವತ್ತೇ ಗೊತ್ತಾಗುತ್ತಿತ್ತು.

ಪೋಷಕರು ಕಾಯ್ದೆಗೆ ಕಾಯಬೇಕಿಲ್ಲ. ಮೊಬೈಲಿನ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಬಹುದು. ಯುಪಿಐ ಪಿನ್ ಇವತ್ತೇ ಬದಲಾಯಿಸಿ. ಯುಪಿಐ ಲೈಟ್ ಇದ್ದರೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದೇ ಇಲ್ಲ, ಮಕ್ಕಳ ಕೈಗೆ ಸಿಗುವ ಫೋನಿನಲ್ಲಿ ಅದು ಬೇಡ. ತಾನಾಗಿಯೇ ದುಡ್ಡು ಕಡಿತವಾಗುವ ಆಟೋಪೇ ಏನಾದರೂ ಇದೆಯಾ ನೋಡಿ. ದುಡ್ಡು ಹೋಗಿದೆ ಎಂದು ಗೊತ್ತಾದ ತಕ್ಷಣ ಅರ್ಜಿ ಹಾಕಿ. ಪ್ಲೇ ಸ್ಟೋರಿನಲ್ಲಿ ಕೊಂಡ 48 ಗಂಟೆಯೊಳಗಾದರೆ ವಾಪಸ್ ಸಿಗುವ ದಾರಿ ಸುಲಭ. ಅಂಗಡಿಯಲ್ಲಿ ಕಾಸು ಕೊಟ್ಟು, ಪ್ಲೇ ಸ್ಟೋರಿನಲ್ಲಿ ದುಡ್ಡಿನ ಬದಲು ಬಳಸುವ ರಿಡೀಮ್ ಕೋಡ್ ಕೊಳ್ಳುವ ಮಕ್ಕಳೂ ಇದ್ದಾರೆ. ರೀಚಾರ್ಜ್ ಅಂಗಡಿಯವರು ಯೂನಿಫಾರ್ಮ್ ಹಾಕಿದ ಹುಡುಗನಿಗೆ ಕೋಡ್ ಕೊಡುವ ಮುನ್ನ ಮನೆಗೆ ಒಂದು ಫೋನ್ ಮಾಡಿದರೆ ದೊಡ್ಡ ಉಪಕಾರ. ಮಗುವಿಗೆ ಹೊಡೆಯಬೇಡಿ. ಜೊತೆಗೆ ಕೂತು ಪಾಸ್‌ಬುಕ್ಕಿನ ಆ ಸಾಲುಗಳನ್ನು ಅವನ ಕೈಯಿಂದಲೇ ಕೂಡಿಸಿ. ಆ ಹುಡುಗ ಕೂಡಿಸಿದ. ಮೊತ್ತ ಬರೆದವನು ಅದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಕೂಡಿಸಿದ, ತಪ್ಪಿರಬೇಕು ಎಂದು. ತಪ್ಪಿರಲಿಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಕೊಬ್ಬರಿ, ಅಡಿಕೆ, ಚಿನ್ನದ ಧಾರಣೆ ಹಾಕುವ ಪುಟದಲ್ಲಿ ವಾರಕ್ಕೊಮ್ಮೆ ಒಂದು ಚಿಕ್ಕ ಜಾಗ ಕೊಡಿ. ನಮ್ಮ ಮಕ್ಕಳು ಹೆಚ್ಚು ಆಡುವ ಆಟಗಳ ಪೆಟ್ಟಿಗೆಗಳಲ್ಲಿ ಒಂದೊಂದು ಸಾಮಾನಿಗೆ ಸರಾಸರಿ ಎಷ್ಟು ರೂಪಾಯಿ ಬೀಳುತ್ತದೆ ಎಂದು ಪಟ್ಟಿ ಹಾಕಿ. ಸಾಧ್ಯತೆಯ ಅಂಕಿಗಳು ಆಟದ ಒಳಗೇ ಇವೆ, ನಾಣ್ಯದ ಬೆಲೆಯೂ ಇದೆ. ಲೆಕ್ಕ ಮಾಡಿ ಕಳಿಸಲು ನನ್ನ ಹತ್ತನೇ ತರಗತಿಯ ಮಕ್ಕಳು ತಯಾರಿದ್ದಾರೆ. ನಾನು ಒಮ್ಮೆ ತಾಳೆ ನೋಡಿ ಸಹಿ ಹಾಕಿಕೊಡುತ್ತೇನೆ. ಮೊದಲ ವಾರದ ಪಟ್ಟಿ ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಇಂತಿ,
ಒಬ್ಬ ಪ್ರೌಢಶಾಲಾ ಗಣಿತ ಶಿಕ್ಷಕಿ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ